ಬೆಲ್ಲದೂರಿನಲ್ಲಿ ಒಂದು ಪ್ಲೇಟ್ ಗೋಬಿ

ಅನಕಾಪಲ್ಲಿಗೆ ಬಂದು ಮೂರು ವರ್ಷವಾಯಿತು. ನಮ್ಮನೆಯವರಿಗೆ ಪರವಾಡದ ಕಡೆ ಔಷಧ ಕಾರ್ಖಾನೆಯಲ್ಲಿ ಕೆಲಸ. ನನಗೆ ಲ್ಯಾಪ್‌ಟಾಪ್ ಇದ್ದಲ್ಲೇ ಆಫೀಸು, ತಿಂಗಳಿಗೆರಡು ಸಲ ವಿಶಾಖಪಟ್ಟಣಕ್ಕೆ ಹೋಗಿ ಮುಖ ತೋರಿಸಿ ಬಂದರೆ ಸಾಕು. ಶುಕ್ರವಾರ ರಾತ್ರಿ ನಮ್ಮ ಅಡುಗೆಮನೆಗೆ ರಜೆ. ಬೀದಿಯ ಕೊನೆಯಲ್ಲಿ ಎಂಟು ಟೇಬಲ್ಲಿನ ಒಂದು ಚೈನೀಸ್ ಹೋಟೆಲಿದೆ. ಬಾಗಿಲಿಗೆ ಕೆಂಪು ಕಾಗದದ ದೀಪ, ಗೋಡೆಯ ಮೇಲೊಂದು ಡ್ರ್ಯಾಗನ್, ಅದರ ಪಕ್ಕದಲ್ಲೇ ತಿರುಪತಿ ತಿಮ್ಮಪ್ಪನ ಪಟ. ಮೊದಲ ದಿನ ಮೆನು ಕಾರ್ಡಿನಲ್ಲಿ ತೆಲುಗಕ್ಷರ ಕೂಡಿಸಿಕೊಂಡು 'ಗೋಬಿ ಮಂಚೂರಿಯಾ' ಎಂದು ಓದಿದಾಗ, ಮಂಡ್ಯದವಳಾದ ನನಗೆ ತವರಿನವರು ಸಿಕ್ಕಷ್ಟು ಖುಷಿಯಾಗಿತ್ತು.

ಈ ಲೇಖನಕ್ಕೆ ಕಾರಣ ನನ್ನ ಮಗಳು. ಒಂದು ಶುಕ್ರವಾರ ಬಾಯಿತುಂಬ ಗೋಬಿ ಇಟ್ಟುಕೊಂಡು, "ಅಮ್ಮ, ಚೈನಾದಲ್ಲೂ ಇದನ್ನೇ ತಿಂತಾರಾ?" ಎಂದಳು. ಎಂ.ಟೆಕ್ ಓದಿದ ಅಮ್ಮನಿಗೆ ಉತ್ತರ ಗೊತ್ತಿರಲಿಲ್ಲ. ಬಿಲ್ ಕೊಡುವಾಗ ಅಡುಗೆಯ ಮಾಸ್ಟರನ್ನೇ ಕೇಳಿದೆ. ಸಿಲಿಗುರಿ ಕಡೆಯವರು, ತೆಲುಗಿಗಿಂತ ಹಿಂದಿ ಸಲೀಸು. ನಕ್ಕು ಹೇಳಿದರು: "ದೀದಿ, ನಾನು ಚೈನಾ ಎಲ್ಲಿ ನೋಡಿದೀನಿ? ಕೆಲಸ ಕಲಿತಿದ್ದು ಕಲ್ಕತ್ತಾದ ಟ್ಯಾಂಗ್ರಾದಲ್ಲಿ." ನಮ್ಮೂರ ಸ್ಟೇಷನ್ನು ಹೌರಾ–ಚೆನ್ನೈ ಮಾರ್ಗದಲ್ಲೇ ಇದೆ. ಅವರು ಬಂದಿಳಿದ ಆ ಹಳಿ ಹಿಡಿದು ಹಿಂದಕ್ಕೆ ಹೋದರೆ ಕಥೆ ಸಿಗುತ್ತದೆ ಎಂದುಕೊಂಡು ಓದತೊಡಗಿದೆ.

ಕಥೆ ಶುರುವಾಗುವುದು ಕಬ್ಬಿನಿಂದ. 1778ರ ಸುಮಾರಿಗೆ ಟಾಂಗ್ ಅಚ್ಯೂ ಎಂಬ ಚೀನೀ ವ್ಯಾಪಾರಿ ಬಂಗಾಳಕ್ಕೆ ಬಂದ. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಅವನಿಗೆ ಹೂಗ್ಲಿ ನದಿಯ ದಡದಲ್ಲಿ, ಬಜ್‌ಬಜ್ ಹತ್ತಿರ, ಜಮೀನು ಕೊಟ್ಟ. ಅಚ್ಯೂ ತನ್ನ ದೇಶದಿಂದ ಕೆಲಸಗಾರರನ್ನು ಕರೆತಂದು ಕಬ್ಬು ಬೆಳೆಸಿ ಸಕ್ಕರೆಯ ಗಾಣ ಹಾಕಿದ. ಕೆಲವೇ ವರ್ಷಗಳಲ್ಲಿ ತೀರಿಕೊಂಡ. ಗಾಣ ನಿಂತುಹೋಯಿತು, ಆದರೆ ಊರಿಗೆ ಅವನ ಹೆಸರೇ ಉಳಿಯಿತು: ಅಚಿಪುರ. ಅಲ್ಲಿರುವ ಅವನ ಕೆಂಪು ಸಮಾಧಿಗೆ ಕಲ್ಕತ್ತಾದ ಚೀನೀಯರು ತಮ್ಮ ಹೊಸ ವರ್ಷದ ಹೊತ್ತಿಗೆ ಇಂದಿಗೂ ಹೋಗಿ ಕೈಮುಗಿದು ಬರುತ್ತಾರೆ. ('ಅಚ್ಚು ಬೆಲ್ಲ'ಕ್ಕೂ ಅಚಿಪುರಕ್ಕೂ ಸಂಬಂಧವಿಲ್ಲ. ಮಂಡ್ಯದವರಿಗೆ ಹಾಗೆ ಕೇಳಿಸುತ್ತದೆ, ಅಷ್ಟೆ.)

ಚೀನಾಕ್ಕೆ ಸಕ್ಕರೆ ಕುದಿಸುವ ವಿದ್ಯೆ ಹೋದದ್ದು ನಮ್ಮಿಂದಲೇ. 7ನೇ ಶತಮಾನದಲ್ಲಿ ಟಾಂಗ್ ವಂಶದ ಚಕ್ರವರ್ತಿ ಅದನ್ನು ಕಲಿತು ಬರಲೆಂದು ಮಗಧಕ್ಕೆ ಜನ ಕಳಿಸಿದ್ದ. ಸಾವಿರ ವರ್ಷ ದಾಟಿದ ಮೇಲೆ ಅದೇ ದೇಶದವನು ಬಂದು ಇಲ್ಲಿ ಗಾಣ ಹಾಕಿದ. ಹಿಂದಿಯಲ್ಲಿ ಬಿಳಿ ಸಕ್ಕರೆಗೆ 'ಚೀನಿ' ಎಂದೇ ಹೆಸರು. ನಮ್ಮ ಕರಾವಳಿ, ಮಲೆನಾಡಿನವರಿಗೆ ಸಿಹಿಗುಂಬಳ ಚೀನಿಕಾಯಿ, ಉಪ್ಪಿನಕಾಯಿ ತುಂಬುವುದು ಚೀನಾ ಭರಣಿಗೆ. ಇದನ್ನೆಲ್ಲ ನಾನು ಓದಿದ್ದು ದೇಶದ ದೊಡ್ಡ ಬೆಲ್ಲದ ಮಾರುಕಟ್ಟೆಗಳಲ್ಲಿ ಒಂದಾದ ಅನಕಾಪಲ್ಲಿಯಲ್ಲಿ ಕೂತು.

ಅಚ್ಯೂವಿನ ನಂತರ ಬಂದವರಲ್ಲಿ ಹಕ್ಕಾ ಜನ, ಕ್ಯಾಂಟನ್ ಕಡೆಯವರು ಹೆಚ್ಚು. ಕ್ಯಾಂಟನ್ನಿನವರು ಬಡಗಿಗಳು, ಹಕ್ಕಾಗಳು ಚರ್ಮ ಹದ ಮಾಡುವವರು, ಚಪ್ಪಲಿ ಹೊಲಿಯುವವರು. ಇಲ್ಲಿನ ಮೇಲ್ಜಾತಿಯವರು ಮುಟ್ಟದ ಚರ್ಮದ ಕೆಲಸವನ್ನು ಕೈಗೆತ್ತಿಕೊಂಡು ಅವರು ಟ್ಯಾಂಗ್ರಾದಲ್ಲಿ ಊರು ಕಟ್ಟಿದರು. ಮೆನು ಕಾರ್ಡಿನ 'ಹಕ್ಕಾ ನೂಡಲ್ಸ್' ಈ ಜನರ ಹೆಸರು. ಇಷ್ಟು ವರ್ಷ ನಾನು ಅದನ್ನೊಂದು ಮಸಾಲೆ ಎಂದುಕೊಂಡಿದ್ದೆ!

ಮುಂದಿನದನ್ನು ನನಗೆ ಯಾವ ಪಾಠಪುಸ್ತಕವೂ ಹೇಳಿರಲಿಲ್ಲ. 1962ರ ಚೀನಾ ಯುದ್ಧವನ್ನು ನಾವು ಪರೀಕ್ಷೆಗೆ ಓದಿದ್ದೇವೆ. ಅದೇ ನವೆಂಬರಿನಲ್ಲಿ ಅಸ್ಸಾಂ, ಮೇಘಾಲಯ, ಬಂಗಾಳದ ಕಡೆಯ ಚೀನೀ ಮೂಲದ ಸುಮಾರು 3000 ಜನರನ್ನು ಹಿಡಿದು, ದಿನಗಟ್ಟಲೆ ರೈಲಿನಲ್ಲಿ ಸಾಗಿಸಿ, ರಾಜಸ್ಥಾನದ ದೇವಳಿ ಶಿಬಿರದಲ್ಲಿ ಕೂಡಿಹಾಕಿದ್ದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಆಗ ಬಂದ ಕಾನೂನಿನಲ್ಲಿ ಶತ್ರು ದೇಶದವರು ಯಾರು ಎಂಬುದಕ್ಕೆ ವ್ಯಾಖ್ಯೆ ಇತ್ತು: ತಾನು, ಅಥವಾ ತಂದೆತಾಯಿಯರಲ್ಲಿ ಒಬ್ಬರು, ಅಥವಾ ಅಜ್ಜ ಅಜ್ಜಿಯರಲ್ಲಿ ಯಾರಾದರೂ ಒಬ್ಬರು ಎಂದಾದರೂ ಆ ದೇಶದ ಪ್ರಜೆಯಾಗಿದ್ದರೆ ಸಾಕು. ದಿನವಿಡೀ ಪ್ರೋಗ್ರಾಂ ಬರೆಯುವ ನನಗೆ ಈ 'ಅಥವಾ'ಗಳು ಎಂಥವೆಂದು ಗೊತ್ತು. ಒಂದೊಂದು 'ಅಥವಾ' ಸೇರಿಸಿದಾಗಲೂ ಬಲೆ ಅಗಲವಾಗುತ್ತದೆ. ಇಲ್ಲೇ ಹುಟ್ಟಿ, ಅಸ್ಸಾಮಿಯೋ ಬಂಗಾಳಿಯೋ ಮಾತಾಡುತ್ತಿದ್ದ, ಚೀನಾವನ್ನು ಕಣ್ಣಲ್ಲೂ ಕಾಣದ ಶಾಲೆಯ ಮಕ್ಕಳು, ಬಸುರಿಯರು, ಮುದುಕರು ಅದರಲ್ಲಿ ಬಿದ್ದರು. ಕೆಲವರು ಹೊರಬರುವಷ್ಟರಲ್ಲಿ 1967 ಆಗಿತ್ತು. ಹಿಂದಿರುಗಿದರೆ ಎಷ್ಟೋ ಮಂದಿಗೆ ಮನೆಯೂ ಇಲ್ಲ, ಅಂಗಡಿಯೂ ಇಲ್ಲ. ಅಸ್ಸಾಮಿ ಲೇಖಕಿ ರೀಟಾ ಚೌಧುರಿ 2010ರಲ್ಲಿ 'ಮಾಕಾಂ' ಕಾದಂಬರಿ ಬರೆದದ್ದು ಈ ಜನರ ಬಗ್ಗೆಯೇ. ಬಹಳಷ್ಟು ಮಂದಿ ಕೆನಡಾಗೋ ಇನ್ನೆಲ್ಲಿಗೋ ಹೊರಟುಹೋದರು.

ಉಳಿದವರ ಕೈಹಿಡಿದದ್ದು ಅಡುಗೆ, ಮತ್ತು ಹೆಂಗಸರು ನಡೆಸಿದ ಬ್ಯೂಟಿ ಪಾರ್ಲರ್. ಕಲ್ಕತ್ತಾದ ಮೋನಿಕಾ ಲಿಯು ಅವರನ್ನೇ ನೋಡಿ. ಬಾಲ್ಯದ ವರ್ಷಗಳು ದೇವಳಿ ಶಿಬಿರದಲ್ಲಿ ಕಳೆದವು. ಮುಂದೆ ಪಾರ್ಲರ್ ನಡೆಸಿ, ಆಮೇಲೆ ಒಂದೊಂದಾಗಿ ಹೋಟೆಲುಗಳನ್ನು ತೆರೆದು, ಇವತ್ತು ಟ್ಯಾಂಗ್ರಾದಲ್ಲಿ ದೊಡ್ಡ ಹೆಸರು. 1996ರಲ್ಲಿ ಸುಪ್ರೀಂ ಕೋರ್ಟು ಚರ್ಮದ ಕಾರ್ಖಾನೆಗಳು ಅಲ್ಲಿಂದ ಎತ್ತಂಗಡಿಯಾಗಬೇಕೆಂದು ಆದೇಶಿಸಿದಾಗ ಎಷ್ಟೋ ಕುಟುಂಬಗಳಿಗೆ ಉಳಿದದ್ದೂ ಹೋಟೆಲೇ. ನಮ್ಮ ಮಾಸ್ಟರು ಕೈ ಪಳಗಿಸಿಕೊಂಡದ್ದು ಅಂಥ ಒಂದು ಅಡುಗೆಮನೆಯಲ್ಲಿ.

ಇನ್ನು ಮಗಳ ಪ್ರಶ್ನೆಗೆ ಬರೋಣ. ಮಂಚೂರಿಯಾ ಎಂಬ ಪ್ರದೇಶ ಚೀನಾದ ಈಶಾನ್ಯದಲ್ಲಿ ನಿಜವಾಗಿಯೂ ಇದೆ, ಈ ತಿನಿಸು ಮಾತ್ರ ಅಲ್ಲಿಯದಲ್ಲ. ಕಲ್ಕತ್ತಾದಲ್ಲಿ ಹುಟ್ಟಿದ ನೆಲ್ಸನ್ ವಾಂಗ್ 1975ರಲ್ಲಿ ಮುಂಬೈಯ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಅಡುಗೆ ಮಾಡುತ್ತಿದ್ದಾಗ, ಹೊಸದೇನಾದರೂ ಮಾಡಿಕೊಡಿ ಎಂದು ಯಾರೋ ಕೇಳಿದರಂತೆ. ಅವರು ನಮ್ಮ ಒಗ್ಗರಣೆಯ ಹಾಗೇ ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಬಾಡಿಸಿ, ಗರಂ ಮಸಾಲೆ ಹಾಕುವ ಹೊತ್ತಿಗೆ ಸೋಯಾ ಸಾಸ್ ಸುರಿದು, ಮೆಕ್ಕೆಜೋಳದ ಹಿಟ್ಟಿನಲ್ಲಿ ಗಟ್ಟಿ ಮಾಡಿದರು. ಅದೇ ಚಿಕನ್ ಮಂಚೂರಿಯನ್. ಕೋಳಿಯ ಜಾಗಕ್ಕೆ ಹೂಕೋಸು ಬಂದದ್ದು ನಮ್ಮಂಥ ಸಸ್ಯಾಹಾರಿಗಳ ಪುಣ್ಯ. ಆ ಹೂಕೋಸಾದರೂ 1822ರಲ್ಲಿ ಇಂಗ್ಲೆಂಡಿನಿಂದ ಸಹಾರನ್‌ಪುರದ ಕಂಪನಿ ತೋಟಕ್ಕೆ ಬಂದ ಬೀಜ. ಮೆಣಸಿನಕಾಯಿ, ಮೆಕ್ಕೆಜೋಳ ಎರಡೂ ಅಮೆರಿಕ ಖಂಡದವು. ಚೀನಾದ್ದು ಅಂತ ಲೆಕ್ಕ ಹಾಕಿದರೆ ಸೋಯಾ ಸಾಸ್ ಮತ್ತು ಬಾಣಲೆ.

ಕರ್ನಾಟಕದಲ್ಲಂತೂ ಅದು ಎಷ್ಟು ನಮ್ಮದಾಯಿತೆಂದರೆ, ತರಕಾರಿ ಮಾರುವವನ ಹತ್ತಿರ ಹೂಕೋಸು ಕೊಳ್ಳುತ್ತೇವೆ, ಸಂಜೆ ಗಾಡಿಯ ಮುಂದೆ ನಿಂತು 'ಗೋಬಿ' ತಿನ್ನುತ್ತೇವೆ. ತರಕಾರಿಗೊಂದು ಹೆಸರು, ತಿಂಡಿಗೊಂದು. ಕಾಲೇಜಿನ ದಿನಗಳಲ್ಲಿ ಬೆರಳಿಗಂಟಿದ ಕೆಂಪು ಎರಡು ದಿನ ಹೋಗುತ್ತಿರಲಿಲ್ಲ. ಅದು ಮೆಣಸಿನಕಾಯಿಯ ಕೆಂಪಲ್ಲ ಎಂದು ಆಗಲೇ ಹೊಳೆಯಬೇಕಿತ್ತು. 2024ರ ಮಾರ್ಚಿನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಪರೀಕ್ಷೆಯ ಫಲಿತಾಂಶ ಹೇಳಿದರು: ತೆಗೆದ 171 ಗೋಬಿ ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣ. ಸರ್ಕಾರ ನಿಷೇಧಿಸಿದ್ದು ಬಣ್ಣವನ್ನು, ಗೋಬಿಯನ್ನಲ್ಲ. ಆದರೂ ಮಂಡ್ಯದಿಂದ ನಮ್ಮಮ್ಮ ಫೋನ್ ಮಾಡಿ, "ಆ ಚೀನಾದವರ ತಿಂಡಿ ಮಗೂಗೆ ಕೊಡ್ಬೇಡ, ಗೋಬಿ ಬ್ಯಾನ್ ಆಯ್ತಂತೆ" ಎಂದರು. ಬಣ್ಣ ಹಾಕಿದವರು ನಮ್ಮವರೇ ಅಮ್ಮ, ಚೀನಾದವರಲ್ಲ ಎಂದೆ. ಒಪ್ಪಲಿಲ್ಲ.

ಹೋದ ಶುಕ್ರವಾರ ಊಟದ ಗದ್ದಲ ಇಳಿದ ಮೇಲೆ ಮಾಸ್ಟರನ್ನು ಬಣ್ಣದ ವಿಷಯ ಕೇಳಿದೆ. ಅಡುಗೆಮನೆಗೇ ಕರೆದರು. ಮಗಳೂ ನನ್ನ ಸೆರಗು ಹಿಡಿದು ಬಂದಳು. ಬಾಣಲೆಯ ಪಕ್ಕದಲ್ಲಿ ಸಾಲಾಗಿ ಡಬ್ಬಿಗಳು: ಉಪ್ಪು, ಮೆಣಸಿನಪುಡಿ, ಜೋಳದ ಹಿಟ್ಟು, ವಿನೆಗರ್, ಸೋಯಾ. ಕೊನೆಯದರಲ್ಲಿ ಕಂದು ಬಣ್ಣದ ಪುಡಿ. ಬೆರಳಲ್ಲಿ ತೆಗೆದು ಮಗಳ ಅಂಗೈಗೆ ಹಾಕಿದರು. ಅವಳು ನೆಕ್ಕಿ ನೋಡಿ, "ಅಮ್ಮ, ಬೆಲ್ಲ!" ಎಂದಳು.

"ಟ್ಯಾಂಗ್ರಾದಲ್ಲಿ ಸಾಸಿಗೆ ಚೀನಿ ಹಾಕ್ತಿದ್ವಿ ದೀದಿ," ಎಂದರು ಮಾಸ್ಟರು. "ಈ ಊರಿಗೆ ಬಂದ ಮೇಲೆ ಇದು."