ಹತ್ತಿ ಬಿಡಿಸುವ ತಾಯಿಗೆ ರಜೆ ಎಲ್ಲಿ?

ನಮ್ಮ ನರಗುಂದ ಸೀಮೆಯ ಎರೆಹೊಲದಲ್ಲಿ ಕಸ ತೆಗೆಯುವವರು, ಹತ್ತಿ ಬಿಡಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳೇ. ಅವರಲ್ಲಿ ಎಳೆಗೂಸಿನ ತಾಯಂದಿರೂ ಇರುತ್ತಾರೆ. ಬೇವಿನ ಗಿಡಕ್ಕೆ ಹಳೇ ಸೀರೆ ಕಟ್ಟಿ, ಅದರಲ್ಲಿ ಕೂಸು ಮಲಗಿಸಿ ಸಾಲು ಹಿಡಿಯುವ ತಾಯಿಯನ್ನು ನಾವೆಲ್ಲ ನೋಡಿದ್ದೇವೆ. ಹೆತ್ತವಳಿಗೆ ವಿಶ್ರಾಂತಿ ಬೇಕೆಂಬುದು ಹಳೇ ಮಾತೇ. ಅದು ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬುದನ್ನು ತಿಳಿಯಬೇಕು.

ಮೊದಲು ಇದ್ದದ್ದು ತವರಿನ ಬಾಣಂತನ. ಎಣ್ಣೆ ಹಚ್ಚಿ ಎರೆಯುವುದು, ಅಂಟಿನ ಉಂಡಿ ತಿನ್ನಿಸುವುದು, ಬೆಚ್ಚಗೆ ಮಲಗಿಸುವುದು. ಇದರ ದೊಡ್ಡ ಲಾಭವೆಂದರೆ ಕೆಲವು ತಿಂಗಳು ಮಗಳ ಕೈಗೆ ಕೆಲಸ ಹಚ್ಚುತ್ತಿರಲಿಲ್ಲ. ಆದರೆ ಅದಕ್ಕೆ ತವರಿನಲ್ಲಿ ಕಾಳು ಇರಬೇಕು, ದುಡಿಯುವ ಬೇರೆ ಕೈ ಇರಬೇಕು. ಕೂಲಿಯವರ ಮನೆಯಲ್ಲಿ ಬಾಣಂತನ ಬೇಗ ಮುಗಿಯುತ್ತಿತ್ತು.

ಆಗ ನರಗುಂದ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿಗೆ ಹೆರಿಗೆ ಭತ್ಯೆಯ ಮಸೂದೆ ಬಂತು. ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತಾಡಿದರು. ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತಕ್ಕೇ ಒಳ್ಳೆಯದು, ಅದರ ಖರ್ಚಿನ ಹೆಚ್ಚಿನ ಭಾರ ಸರ್ಕಾರದ್ದೇ ಆಗಬೇಕು ಎಂಬುದು ಅವರ ವಾದ. 1929ರಲ್ಲಿ ಕಾಯ್ದೆ ಆಯಿತು. ಆದರೆ ಅದು ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಮಾತ್ರ. ಹತ್ತಿಯಿಂದ ನೂಲು ತೆಗೆಯುವ ಗಿರಣಿಯ ತಾಯಿಗೆ ಕಾಯ್ದೆ ಬಂತು. ಅದೇ ಹತ್ತಿಯನ್ನು ಹೊಲದಲ್ಲಿ ಬಿಡಿಸಿದ ತಾಯಿಗೆ ಬರಲಿಲ್ಲ.

ಮುಂದೆಯೂ ಇದೇ ಕಥೆ. 1961ರ ಕಾಯ್ದೆ 12 ವಾರ ಸಂಬಳದ ರಜೆ ಕೊಟ್ಟಿತು. 2017ರಲ್ಲಿ ಮೊದಲ ಎರಡು ಹೆರಿಗೆಗೆ ಅದು 26 ವಾರ ಆಯಿತು. ದಿನಗೂಲಿಯವಳಿಗೆ ಇಂಥ ರಜೆ ಇಂದಿಗೂ ಇಲ್ಲ.

ಅವಳಿಗೆ ಬಂದದ್ದು ಬೇರೆ ದಾರಿಯಿಂದ. 1975ರಲ್ಲಿ ಅಂಗನವಾಡಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. 2005ರ ಉದ್ಯೋಗ ಖಾತ್ರಿ ಕಾಯ್ದೆ, ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಕೂಲಿ ಕೊಟ್ಟು ನೇಮಿಸಬೇಕೆಂದಿತು. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯ ಬಿಸಿಯೂಟ ಬಂತು. ಅದೇ ವರ್ಷ ಶುರುವಾದ ಮಾತೃವಂದನಾ ಯೋಜನೆ ಮೊದಲ ಕೂಸಿಗೆ 5,000 ರೂಪಾಯಿ ಕೊಡುತ್ತದೆ, ಎರಡನೆಯದು ಹೆಣ್ಣಾದರೆ 6,000. 2023ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ' ತೆರೆಯಲು ಹೊರಟಿತು.

ಹಣ ಹೊರಗಿನಿಂದ ಬಂದರೂ ವಿಶ್ರಾಂತಿ ಕೊಡಬೇಕಾದವರು ಮನೆಯವರು. ಅದಕ್ಕೆ ನಾವು ಹೇಳುವುದಿಷ್ಟು.

ಬಸಿರು ಗೊತ್ತಾದ ಕೂಡಲೇ ತಾಯಿ ಕಾರ್ಡ್ ಮಾಡಿಸಿ, ಅಂಗನವಾಡಿಯಲ್ಲಿ ಹೆಸರು ಬರೆಸಿ. ನಿಮ್ಮ ಪಂಚಾಯ್ತಿಯಲ್ಲಿ ಕೂಸಿನ ಮನೆ ಎಲ್ಲಿದೆ ಎಂದು ಗ್ರಾಮಸಭೆಯಲ್ಲಿ ಕೇಳಿ.

ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿ ಬಿಡಿ. ಹಾಲುಣಿಸುವವಳಿಗೆ ನೀರಡಿಕೆ ಹೆಚ್ಚು, ಕೇಳಿದಷ್ಟು ಕೊಡಿ. ಮೊದಲ ದಿನದ ಹಳದಿ ಹಾಲು ಚೆಲ್ಲಬೇಡಿ, ಕೂಸಿಗೆ ರೋಗ ತಡೆಯುವ ಶಕ್ತಿ ಅದರಲ್ಲಿದೆ. ಕಬ್ಬಿಣದ ಗುಳಿಗೆ ಹೆರಿಗೆಯ ನಂತರವೂ 180 ದಿನ ಬೇಕು. ಅದನ್ನು ಚಹಾದ ಜೊತೆ ನುಂಗಬೇಡಿ.

ಕೆಲಸಕ್ಕೆ ಹೋಗಲೇಬೇಕಾದರೆ ಎದೆಹಾಲು ಹಿಂಡಿ, ತೊಳೆದು ಕುದಿಸಿದ ಸ್ಟೀಲ್ ಬಟ್ಟಲಲ್ಲಿ ಮುಚ್ಚಿ, ತಂಪು ಜಾಗದಲ್ಲಿಡಿ. ಅತ್ತೆ ಅದನ್ನು ಚಮಚದಲ್ಲಿ ಕುಡಿಸಬಹುದು. ನಾಲ್ಕು ತಾಸಿನೊಳಗೆ ಮುಗಿಸಬೇಕು, ಬೇಸಿಗೆಯಲ್ಲಿ ಇನ್ನೂ ಬೇಗ. ಭಾರದ ನೀರಿನ ಕೊಡ, ಮೇವಿನ ಹೊರೆ ಗಂಡನ ಹೆಗಲಿಗಿರಲಿ.

ತೀರಾ ರಕ್ತ ಹೋದರೆ, ಜ್ವರ ಬಂದರೆ, ಸುಮ್ಮನೆ ಅಳುತ್ತಾ ಕೂಸನ್ನೂ ಎತ್ತಿಕೊಳ್ಳದಂತಾದರೆ ಆಶಾ ಕಾರ್ಯಕರ್ತೆಗೆ ಹೇಳಿ, ಆಸ್ಪತ್ರೆಗೆ ಕರೆದೊಯ್ಯಿರಿ. ತುರ್ತಿಗೆ 108ಕ್ಕೆ ಫೋನ್ ಮಾಡಿ.

ಹತ್ತಿ ಬಿಡಿಸುವ ತಾಯಿಗೆ ಕಾಯ್ದೆಯ ರಜೆ ಬರುವವರೆಗೆ ಅವಳ ರಜೆ ಮಂಜೂರು ಮಾಡಬೇಕಾದವರು ನಾವೇ.