ಗೋಷಾ ಆಸ್ಪತ್ರೆ

ಮದ್ರಾಸಿನಲ್ಲಿ ಹೆರಿಗೆ ಆಸ್ಪತ್ರೆ 1844ರಲ್ಲೇ ಶುರುವಾಗಿತ್ತು; ಇಂದು ಎಗ್ಮೋರಿನಲ್ಲಿರುವುದು ಅದೇ. ಆದರೆ ಗೋಷಾ, ಅಂದರೆ ಪರದೆ, ಪಾಲಿಸುವ ಮುಸ್ಲಿಂ ಮನೆಗಳ ಮತ್ತು ಮೇಲುಜಾತಿಯ ಮನೆಗಳ ಎಷ್ಟೋ ಬಸುರಿಯರು ಗಂಡಸು ವೈದ್ಯರ ಮುಂದೆ ಬರುತ್ತಿರಲಿಲ್ಲ. ಹೆರಿಗೆ ಸೂಲಗಿತ್ತಿಯ ಕೈಮೀರಿದರೆ ಮುಂದೆ ದಾರಿಯಿಲ್ಲ. ವಕೀಲರ ಹೆಂಡತಿಯಾಗಿ 1866ರಲ್ಲಿ ಬಂದ ಮೇರಿ ಶಾರ್ಲೀಬ್ ಇದನ್ನು ಅರಿತು, ಮೊದಲು ಅದೇ ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವುದನ್ನು ಕಲಿತರು. ಅಷ್ಟು ಸಾಲದೆನಿಸಿ 1875ರಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು, ಜೊತೆಗೆ ಇನ್ನೂ ಮೂವರು ಹೆಂಗಸರು. ಲಂಡನ್ ವಿಶ್ವವಿದ್ಯಾಲಯವೇ ಆಗಿನ್ನೂ ಹೆಂಗಸರಿಗೆ ಪದವಿ ಕೊಡುತ್ತಿರಲಿಲ್ಲ! ಮುಂದೆ ಅಲ್ಲಿಯೂ ಓದಿ ಮರಳಿದ ಮೇರಿ, 1885ರಲ್ಲಿ ಹೆಂಗಸರೇ ಚಿಕಿತ್ಸೆ ಕೊಡುವ ಆಸ್ಪತ್ರೆ ತೆರೆದರು. ಈಗದು ತಿರುವಲ್ಲಿಕೇಣಿಯ ಕಸ್ತೂರ್ಬಾ ಗಾಂಧಿ ಆಸ್ಪತ್ರೆ. ಊರವರ ಬಾಯಲ್ಲಿ ಇನ್ನೂ ಗೋಷಾ ಆಸ್ಪತ್ರೆಯೇ.