ಮೊದಲ ಸರದಿಯ ಬೆಲೆ

ರಾಗಿ ಕೊಯ್ಲು ಮುಗಿದು ಹೊಲ ಖಾಲಿಯಾಯಿತೆಂದರೆ ನಮ್ಮ ದೇವನೂರಿನ ಹುಡುಗರಿಗೆ ಮೈದಾನ ಸಿಕ್ಕಂತೆ. ಕಬಡ್ಡಿಯಾಗಲಿ, ಕ್ರಿಕೆಟ್ಟಾಗಲಿ, ಮೊದಲು ತಂಡ ಆಗಬೇಕು. ಅದಕ್ಕೆ ಎರಡು ದಾರಿಗಳಿದ್ದವು. ಒಂದರಲ್ಲಿ ಇಬ್ಬರು ಲೀಡರ್‌ಗಳು ಎದುರುಬದುರು ನಿಂತು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದುಕೊಳ್ಳುತ್ತಿದ್ದರು. ಮೊದಲು ಕರೆಯುವವನಿಗೆ ಒಬ್ಬ, ಆಮೇಲಿನವನಿಗೆ ಒಟ್ಟಿಗೆ ಇಬ್ಬರು. "ಮೊದಲು ನೀನೇ ಕರ್ಕೋ, ಆದ್ರೆ ಆಮೇಲಿಬ್ರು ನನಗೆ" ಎಂದು ಸರದಿ ಬಿಟ್ಟುಕೊಡುವ ಜಾಣರೂ ಇದ್ದರು. ಇನ್ನೊಂದು ದಾರಿಯಲ್ಲಿ ಸಮಬಲದ ಇಬ್ಬರು ಹೆಗಲ ಮೇಲೆ ಕೈ ಹಾಕಿಕೊಂಡು ದೂರ ಹೋಗಿ, ಗುಟ್ಟಾಗಿ ಹೆಸರಿಟ್ಟುಕೊಂಡು ಬಂದು "ಸೂರ್ಯ ಬೇಕಾ, ಚಂದ್ರ ಬೇಕಾ?" ಎಂದು ಕೇಳುತ್ತಿದ್ದರು. ಲೀಡರ್ ಹೇಳಿದ ಹೆಸರಿನವನು ಅವನ ಕಡೆಗೆ, ಉಳಿದವನು ಈಚೆ ಕಡೆಗೆ.

ಮೊದಲ ದಾರಿಯಲ್ಲಿ ನಾನು ಯಾವಾಗಲೂ ಕೊನೆಗೆ ಉಳಿಯುವವರ ಪೈಕಿ. ಅದಕ್ಕೇ ಇರಬೇಕು, ಕ್ರೀಡೆಯ ಚರಿತ್ರೆಯಲ್ಲಿ ಯಾರು ಗೆದ್ದರು ಎನ್ನುವುದಕ್ಕಿಂತ ಯಾರನ್ನು ಹೇಗೆ ಆರಿಸಿದರು ಎನ್ನುವ ಕಡೆಗೇ ನನ್ನ ಕಣ್ಣು ಹೋಗುತ್ತದೆ.

ಆಯ್ಕೆಯ ಸರದಿ ಎಂದಾಗ ನಮ್ಮ ಕಡೆಯವರಿಗೆ ನೆನಪಾಗುವುದು ಮಹಾಭಾರತ. ದೇವನೂರು ಲಕ್ಷ್ಮೀಶ ಕವಿಯ ಊರು. ಅವನ 'ಜೈಮಿನಿ ಭಾರತ' ಹೇಳುವುದು ಯುದ್ಧ ಮುಗಿದ ಮೇಲಿನ ಅಶ್ವಮೇಧದ ಕತೆಯನ್ನು. ನಾನು ಹೇಳುತ್ತಿರುವುದು ಯುದ್ಧಕ್ಕೆ ಮುಂಚಿನದು, 'ಕುರುಕ್ಷೇತ್ರ' ನಾಟಕ ನೋಡಿದವರಿಗೆಲ್ಲ ಗೊತ್ತಿರುವ ದೃಶ್ಯ. ನಿದ್ದೆಯಲ್ಲಿರುವ ಕೃಷ್ಣನ ತಲೆಯ ಕಡೆ ದುರ್ಯೋಧನ, ಕಾಲ ಕಡೆ ಅರ್ಜುನ. ಮೊದಲು ಬಂದವನು ದುರ್ಯೋಧನ, ಮೊದಲು ಕಣ್ಣಿಗೆ ಬಿದ್ದವನು ಅರ್ಜುನ. ಕೃಷ್ಣ ಎರಡು ಪಾಲು ಮಾಡುತ್ತಾನೆ: ಒಂದರಲ್ಲಿ ಇಡೀ ನಾರಾಯಣೀ ಸೇನೆ, ಇನ್ನೊಂದರಲ್ಲಿ ಆಯುಧ ಹಿಡಿಯದ ತಾನೊಬ್ಬ. ಕಿರಿಯನಿಗೆ ಮೊದಲ ಸರದಿ. ಅರ್ಜುನ ಒಬ್ಬನನ್ನು ಆರಿಸಿಕೊಂಡ. ಅಷ್ಟು ದೊಡ್ಡ ಸೇನೆ ತನಗೇ ಉಳಿಯಿತಲ್ಲ ಎಂದು ದುರ್ಯೋಧನ ಹಿಗ್ಗಿದ. ಒಬ್ಬನೋ, ಹಲವರೋ? ಈ ಪ್ರಶ್ನೆಯ ಮೇಲೆ ಇಪ್ಪತ್ತನೆಯ ಶತಮಾನದ ಅಮೆರಿಕ ದೊಡ್ಡದೊಂದು ವ್ಯಾಪಾರವನ್ನೇ ಕಟ್ಟಿತು.

ಅಮೆರಿಕದ ಫುಟ್‌ಬಾಲ್ ನಮ್ಮ ಕಾಲ್ಚೆಂಡಾಟವಲ್ಲ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. 1930ರ ದಶಕದ ಮೊದಲ ವರ್ಷಗಳಲ್ಲಿ ಕಾಲೇಜು ಮುಗಿಸಿದ ಆಟಗಾರ ಯಾವ ತಂಡವನ್ನಾದರೂ ಸೇರಬಹುದಿತ್ತು. ಒಳ್ಳೆಯವರೆಲ್ಲ ದುಡ್ಡೂ ಹೆಸರೂ ಇದ್ದ ತಂಡಗಳ ಪಾಲಾಗುತ್ತಿದ್ದರು. ಸೋತು ಸುಣ್ಣವಾಗಿದ್ದ ಫಿಲಡೆಲ್ಫಿಯಾ ತಂಡದ ಒಡೆಯ ಬರ್ಟ್ ಬೆಲ್ 1935ರಲ್ಲಿ ಒಂದು ಸಲಹೆ ಮುಂದಿಟ್ಟ: ಕೊನೆಯ ಸ್ಥಾನದ ತಂಡ ಮೊದಲು ಆರಿಸಲಿ, ಗೆದ್ದ ತಂಡ ಕೊನೆಗೆ ಆರಿಸಲಿ. ಹೀಗೆ ಹುಟ್ಟಿದ್ದು 'ಡ್ರಾಫ್ಟ್'. 1936ರ ಫೆಬ್ರವರಿ 8ರಂದು ಒಂಬತ್ತು ತಂಡಗಳು ಒಂಬತ್ತು ಸುತ್ತುಗಳಲ್ಲಿ 81 ಆಟಗಾರರನ್ನು ಹಂಚಿಕೊಂಡವು.

ಮೊಟ್ಟಮೊದಲು ಆಯ್ಕೆಯಾದವನು ಷಿಕಾಗೊ ವಿಶ್ವವಿದ್ಯಾಲಯದ ಜೇ ಬರ್‌ವ್ಯಾಂಗರ್. ಆರಿಸಿದ್ದು ಬೆಲ್‌ನ ಫಿಲಡೆಲ್ಫಿಯಾ. ಆ ತಂಡ ಅವನ ಮೇಲಿನ ಹಕ್ಕನ್ನು ಷಿಕಾಗೊ ಬೇರ್ಸ್‌ಗೆ ಮಾರಿತು. ಸಂಬಳದ ಮಾತು ಕುದುರಲಿಲ್ಲ. ಅವನು ವೃತ್ತಿಪರ ಫುಟ್‌ಬಾಲ್ ಆಡಲೇ ಇಲ್ಲ. ಹಕ್ಕು ಒಬ್ಬರಲ್ಲಿ ಮಾತ್ರ ಇರುವುದರಿಂದ ಆಟಗಾರ ಇನ್ನೊಂದು ತಂಡದ ಬಾಗಿಲು ತಟ್ಟುವಂತಿರಲಿಲ್ಲ. ತಂಡಗಳ ನಡುವೆ ಸಮಾನತೆ ತರಲು ಬಂದ ನಿಯಮ ಆಟಗಾರನ ಕೈ ಕಟ್ಟಿತು ಎನ್ನುವುದು ಮೊದಲ ಹೆಸರಿನಲ್ಲೇ ಕಾಣುತ್ತದೆ.

ಆಟಗಾರರ ಮೇಲಿನ ಹಕ್ಕನ್ನು ಮಾರಬಹುದಾದರೆ ಆರಿಸುವ ಸರದಿಯನ್ನೂ ಮಾರಬಹುದು. 1989ರ ಅಕ್ಟೋಬರಿನಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ತನ್ನ ತಾರೆ ಹರ್ಷೆಲ್ ವಾಕರ್‌ನನ್ನು ಮಿನೆಸೋಟ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಕೆಲವು ಆಟಗಾರರನ್ನೂ ಮುಂದಿನ ವರ್ಷಗಳ ಸರದಿಗಳ ಒಂದು ಕಂತೆಯನ್ನೂ ಪಡೆಯಿತು. ಆ ವರ್ಷ 16 ಪಂದ್ಯಗಳಲ್ಲಿ ಒಂದೇ ಒಂದನ್ನು ಗೆದ್ದಿದ್ದ ತಂಡ ಅದು. 1990ರಲ್ಲಿ, ಹಾಗೆ ಬಂದ 21ನೆಯ ಸರದಿಯ ಜೊತೆಗೆ ಇನ್ನೊಂದು ಕೆಳಗಿನ ಸರದಿಯನ್ನೂ ಸೇರಿಸಿ ಕೊಟ್ಟು 17ನೆಯದಕ್ಕೆ ಏರಿ, ಎಮಿಟ್ ಸ್ಮಿತ್‌ನನ್ನು ಆರಿಸಿತು. ಮುಂದೆ ಚೆಂಡು ಹಿಡಿದು ಅತಿ ಹೆಚ್ಚು ದೂರ ಓಡಿದ ದಾಖಲೆ ಅವನದಾಯಿತು. ಡಲ್ಲಾಸ್ 1993, 1994 ಮತ್ತು 1996ರ ಸೂಪರ್ ಬೌಲ್‌ಗಳನ್ನು ಗೆದ್ದಿತು. ಒಬ್ಬನನ್ನು ಕೊಟ್ಟು ಹಲವು ಸರದಿಗಳನ್ನು ಕೊಂಡ ತಂಡವೇ, ಬೇಕಾದವನು ಕಂಡಾಗ ಹೆಚ್ಚಿಗೆ ತೆತ್ತು ಮೇಲೇರಿತ್ತು.

ಅದೇ ಕಾಲಕ್ಕೆ ಡಲ್ಲಾಸ್ ತಂಡದವರು ಸರದಿಗಳಿಗೆಲ್ಲ ಅಂಕ ಕೊಟ್ಟು ಒಂದು ಪಟ್ಟಿ ಮಾಡಿಕೊಂಡರು. ಮೊದಲ ಸರದಿಗೆ 3000, ಹದಿನಾರನೆಯದಕ್ಕೆ 1000. ಅಂದರೆ ಮೊದಲು ಕರೆಯುವ ಭಾಗ್ಯಕ್ಕೆ ಹದಿನಾರನೆಯ ಸರದಿಯಂಥವು ಮೂರು ತೆರಬೇಕು. ನಮ್ಮೂರಿನ "ಒಬ್ಬನಿಗೆ ಇಬ್ಬರು" ಲೆಕ್ಕವೇ ಬೆಳೆದು ಮಗ್ಗಿಪುಸ್ತಕವಾಯಿತು. ಬೇರೆ ತಂಡಗಳೂ ಇದನ್ನೇ ಅಳತೆಗೋಲು ಮಾಡಿಕೊಂಡವು.

ಅಳತೆಗೋಲು ಸರಿಯೇ ಎಂದು ಕೇಳಿದವರು ಕೇಡ್ ಮ್ಯಾಸಿ ಮತ್ತು, ಮುಂದೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ, ರಿಚರ್ಡ್ ಥೇಲರ್. 2005ರಲ್ಲಿ ಬಂದ ಅವರ ಅಧ್ಯಯನದ ಪ್ರಕಾರ ತಂಡಗಳು ಮೊದಲ ಸರದಿಗಳಿಗೆ ವಿಪರೀತ ಬೆಲೆ ತೆರುತ್ತವೆ. ಒಂದೇ ಜಾಗದಲ್ಲಿ ಆಡುವ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರದವನಿಗಿಂತ ಮೇಲಾಗುವ ಸಂಭವ ಸುಮಾರು 52 ಪ್ರತಿಶತ. ನಾಣ್ಯ ಚಿಮ್ಮುವುದಕ್ಕಿಂತ ತುಸು ಹೆಚ್ಚು, ಅಷ್ಟೇ. ಆರಿಸುವವರಿಗೆ ತಮ್ಮ ಕಣ್ಣಿನ ಮೇಲಿರುವ ಭರವಸೆ ಆ ಕಣ್ಣಿಗೆ ಇರುವ ಶಕ್ತಿಗಿಂತ ದೊಡ್ಡದು ಎಂದಾಯಿತು.

ಇದು ದೂರದ ಕತೆ ಎನ್ನುವಂತಿಲ್ಲ. 2008ರ ಫೆಬ್ರವರಿ 20ರಂದು ಐಪಿಎಲ್ ಶುರುವಾದದ್ದು ಡ್ರಾಫ್ಟ್‌ನಿಂದಲ್ಲ, ಹರಾಜಿನಿಂದ. ಹರಾಜಿನಲ್ಲಿ ಸರದಿ ಇಲ್ಲ. ಯಾರು ಹೆಚ್ಚು ಕೂಗುತ್ತಾರೋ ಅವರಿಗೆ. ಆದರೆ ಮಲೇಷ್ಯಾದಲ್ಲಿ ಆಗಷ್ಟೇ ವಿಶ್ವಕಪ್ ಗೆದ್ದು ಬಂದಿದ್ದ 19 ವರ್ಷದೊಳಗಿನ ಹುಡುಗರನ್ನು ಮಾತ್ರ ನಿಗದಿತ ಸಂಬಳಕ್ಕೆ ಡ್ರಾಫ್ಟ್ ಮೂಲಕ ಹಂಚಲಾಯಿತು. ದೆಹಲಿ ತಂಡಕ್ಕೆ ತಮ್ಮೂರಿನದೇ ಹುಡುಗ, ಗೆದ್ದ ತಂಡದ ನಾಯಕ ವಿರಾಟ್ ಕೊಹ್ಲಿಯನ್ನು ಕರೆದುಕೊಳ್ಳುವ ಅವಕಾಶವಿತ್ತು. ಅವರು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು ಆರಿಸಿದರು. ಕೊಹ್ಲಿ ಬೆಂಗಳೂರಿಗೆ ಬಂದರು. ಕನ್ನಡದ ಹುಡುಗ ಮನೀಶ್ ಪಾಂಡೆ ಮುಂಬೈಗೆ ಹೋದರು.

ಈಗ ನಗುವುದು ಸುಲಭ. ಆದರೆ ದೆಹಲಿಯ ಬಳಿ ಸೆಹವಾಗ್, ಗಂಭೀರ್, ಶಿಖರ್ ಧವನ್, ಎ.ಬಿ. ಡಿವಿಲಿಯರ್ಸ್ ಆಗಲೇ ಇದ್ದರು. ಬ್ಯಾಟ್ಸ್‌ಮನ್‌ಗಳು ತುಂಬಿದ ಮನೆಗೆ ಬೌಲರ್ ತಂದರು. ಆ ದಿನದ ಲೆಕ್ಕದಲ್ಲಿ ಅದು ತಪ್ಪಲ್ಲ. ಬೆಂಗಳೂರಿನವರು ಹದಿನೇಳು ವರ್ಷ ಮುಂದಕ್ಕೆ ನೋಡಿದ್ದರು ಎನ್ನುವುದೂ ಸುಳ್ಳೇ. ಆ ಮೊದಲ ವರ್ಷ ತಂಡ ಎಂಟರಲ್ಲಿ ಏಳನೆಯದಾಯಿತು; ಕಪ್ ಬಂದದ್ದು 2025ರ ಜೂನ್ 3ರಂದು. ಆಮೇಲೆ ನಮ್ಮಲ್ಲೂ ವಿನಿಮಯ ಬಂತು. 2009ರಲ್ಲಿ ಜಹೀರ್ ಖಾನ್ ಮುಂಬೈಗೆ ಹೋಗಿ ರಾಬಿನ್ ಉತ್ತಪ್ಪ ಬೆಂಗಳೂರಿಗೆ ಬಂದರು. ಅದು ಆಟಗಾರನಿಗೆ ಆಟಗಾರ. ಸರದಿಗೆ ಸರದಿ ಮಾರುವ ವ್ಯಾಪಾರ ಇಲ್ಲಿ ಬೆಳೆಯಲಿಲ್ಲ, ಏಕೆಂದರೆ ಹರಾಜಿನ ಮನೆಯಲ್ಲಿ ಮಾರಲು ಸರದಿಯೇ ಇಲ್ಲ.

ಹಾಗಾದರೆ ಅರ್ಜುನ ಸರಿಯೋ, ಥೇಲರ್ ಸರಿಯೋ? ಇಬ್ಬರೂ ಸರಿ ಎನ್ನುವುದು ನನ್ನ ತಿಳಿವಳಿಕೆ. ಅರ್ಜುನನಿಗೆ ಕೃಷ್ಣ ಚೆನ್ನಾಗಿ ಬಲ್ಲ ನೆಂಟ, ಗೆಳೆಯ. ಬಲ್ಲವನು ಒಬ್ಬನಿಗಾಗಿ ಸೇನೆಯನ್ನೇ ಬಿಟ್ಟುಕೊಡಬಹುದು. ಇಪ್ಪತ್ತೊಂದು ವರ್ಷದ ಹುಡುಗನ ಓಟವನ್ನು ನಾಲ್ಕಾರು ಸಲ ನೋಡಿ ಅವನ ಮುಂದಿನ ಹತ್ತು ವರ್ಷ ಬಲ್ಲೆವು ಎನ್ನುವವರು ಮೊದಲ ಸರದಿಯನ್ನು ಮಾರಿ ಇಬ್ಬರು ಮೂವರನ್ನು ತರುವುದೇ ಲೇಸು. ದುರ್ಯೋಧನನ ತಪ್ಪು ಹಲವರನ್ನು ಪಡೆದದ್ದರಲ್ಲಿಲ್ಲ, ತಲೆ ಎಣಿಸಿ ಬೆಲೆ ಕಟ್ಟಿದ್ದರಲ್ಲಿದೆ.

ನಮ್ಮೂರಿನ ಹೊಲದಲ್ಲಿ ಈ ಕಷ್ಟವಿರಲಿಲ್ಲ. ಯಾರ ಓಟ ಎಷ್ಟು, ಯಾರ ಕೈ ಎಷ್ಟು ಗಟ್ಟಿ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗೆ ಗೊತ್ತಿದ್ದೂ ಎಷ್ಟೋ ಸಂಜೆ ನಾವು ಸೂರ್ಯ ಚಂದ್ರರ ಆಟಕ್ಕೇ ಹೋಗುತ್ತಿದ್ದೆವು. ಅಲ್ಲಿ ಲೀಡರ್‌ಗೆ ಕಾಣುವುದು ಹೆಸರು ಮಾತ್ರ. ಜೋಡಿ ಸಮಬಲದ್ದಾದ್ದರಿಂದ ತಂಡಗಳೂ ಸಮ. ಬರ್ಟ್ ಬೆಲ್ ಬಯಸಿದ್ದೂ ಅದನ್ನೇ. ಆದರೆ ಅವನ ಪಟ್ಟಿಯಲ್ಲಿ ಒಬ್ಬ ಮೊದಲನೆಯವನು, ಒಬ್ಬ ಎಂಬತ್ತೊಂದನೆಯವನು. ನಮ್ಮಲ್ಲಿ ನನ್ನಂಥವನೊಬ್ಬ ಇನ್ನೊಬ್ಬ ನನ್ನಂಥವನ ಹೆಗಲ ಮೇಲೆ ಕೈ ಹಾಕಿ ಹೋಗಿ, ಚಂದ್ರನಾಗಿ ಮರಳಿ ಬರುತ್ತಿದ್ದ. ಕೊನೆಗೆ ಉಳಿದವನು ಯಾರೆಂದು ಯಾರೂ ಕೇಳುತ್ತಿರಲಿಲ್ಲ.